ಮನೋರೋಗ ವಾರ್ಡಿನಲ್ಲಿ ಇದ್ದು ಬಂದವರೇ, ಅಲ್ಲಿ ನಿಮ್ಮನ್ನು ಯಾರಾದರೂ ಕೇಳಿದರಾ?

ಹೇಮಾವತಿ ದಡ
(ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ.

ನಮ್ಮ ಜಿಲ್ಲೆಯ ಒಂದು ನರ್ಸಿಂಗ್ ಕಾಲೇಜಿನವರು ಕೊನೆಯ ವರ್ಷದ ಮಕ್ಕಳ ಜೊತೆ ಮಾತಾಡಲು ನನ್ನನ್ನು ಕರೆದಿದ್ದಾರೆ. ಮನೋರೋಗ ವಾರ್ಡಿನಲ್ಲಿ ಅಡ್ಮಿಟ್ ಆಗಿದ್ದವರಿಗೆ ಅಲ್ಲಿನ ಆರೈಕೆ ಹೇಗೆ ಕಾಣುತ್ತದೆ ಅಂತ ಹೇಳಬೇಕು. ನನಗೆ ಬೈಪೋಲಾರ್ ಇದೆ, ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ಕುಸಿಯುವ ಕಾಯಿಲೆ. ಸರ್ಕಾರಿ ಆಸ್ಪತ್ರೆಯಲ್ಲೂ ಇದ್ದೆ, ಖಾಸಗಿಯಲ್ಲೂ ಇದ್ದೆ. ಆದರೆ ನನ್ನೊಬ್ಬಳ ಕಥೆ ಹೇಳಿ ಬಂದರೆ ಸಾಲದು ಅನಿಸುತ್ತಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ನನ್ನ ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ರೋಗಿಗೆ ಸಿಗಬೇಕಾದ ಗಮನವೆಲ್ಲ ರೋಗಿಯ ಮನೆಯವರಿಗೆ ಹೋಗುತ್ತದೆ. ಹಾಸಿಗೆ ಮೇಲೆ ಇರುವುದು ನಾನು. ಡಾಕ್ಟರ್ ಮಾತಾಡುವುದು ನನ್ನ ಅಣ್ಣನ ಜೊತೆ, ಅದೂ ಬಾಗಿಲಾಚೆ ನಿಂತು. ಮಾತ್ರೆ ಬದಲಾಗಿದೆ ಅಂತ ನನಗೆ ಗೊತ್ತಾಗುತ್ತಿದ್ದದ್ದು ಅಂಗೈ ಮೇಲೆ ಬೇರೆ ಬಣ್ಣದ ಮಾತ್ರೆ ಬಿದ್ದಾಗ. ಯಾಕೆ ಅಂತ ಕೇಳಿದರೆ 'ನಿಮ್ಮ ಅಣ್ಣನಿಗೆ ಹೇಳಿದ್ದೇವೆ' ಅನ್ನುವ ಉತ್ತರ. ರೌಂಡ್ಸ್ ಬಂದಾಗ ಏಳೆಂಟು ಜನ ಮಂಚದ ಕಾಲ ಬಳಿ ನಿಂತು ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಹೋಗುತ್ತಿದ್ದರು. ನನಗೆ ಇಂಗ್ಲಿಷ್ ಬರುತ್ತದೆ. ಪಕ್ಕದ ಮಂಚದ ಅರಕಲಗೂಡಿನ ಅಜ್ಜಿಗೆ ಬರುತ್ತಿರಲಿಲ್ಲ. ಅವರು ಹೋದ ಮೇಲೆ ಅಜ್ಜಿ ನನ್ನನ್ನು ಕೇಳುತ್ತಿದ್ದರು, 'ನನ್ ವಿಷ್ಯ ಏನಂದ್ರವ್ವಾ?'

ಇನ್ನೊಂದಿದೆ. ಒಳಗೆ ಹೋದ ಮೇಲೆ ನಾವು ಏನು ಮಾಡಿದರೂ ಅದು ಕಾಯಿಲೆಯ ಲೆಕ್ಕಕ್ಕೆ ಸೇರುತ್ತದೆ. ಸಾರಿಗೆ ಉಪ್ಪಿಲ್ಲ ಅಂದರೆ ಸಿಡುಕು. ನಕ್ಕರೆ ಮೇನಿಯಾ, ಅಂದರೆ ಮನಸ್ಸಿನ ಆ ಏರು, ಇನ್ನೂ ಇಳಿದಿಲ್ಲ. ಸುಮ್ನೆ ಕೂತರೆ ಡಿಪ್ರೆಷನ್ ಶುರುವಾಯಿತು. ಮನೆಗೆ ಹೋಗಬೇಕು ಅಂದರೆ ಕಾಯಿಲೆಯ ಅರಿವೇ ಇಲ್ಲ. ಹಾಗಾದರೆ ಉಪ್ಪಿಲ್ಲದ ಸಾರನ್ನು ನಾವು ಯಾರಿಗೆ ಹೇಳಬೇಕು?

ಒಳಗೆ ಇದ್ದವರು ಬರೆಯಿರಿ. ಆಗ ನಿಮಗೆ ಬೇಕಿದ್ದದ್ದು ಏನು? ಯಾರಾದರೂ ಒಬ್ಬರು ಸರಿಯಾಗಿ ನಡೆದುಕೊಂಡಿದ್ದರೆ ಅವರು ಏನು ಮಾಡಿದರು? ಆಸ್ಪತ್ರೆಯ ಹೆಸರು, ಡಾಕ್ಟರ ಹೆಸರು ಬೇಡ. ಮನೆಯವರೂ ಬರೆಯಿರಿ, ಕೆಲಸ ಮಾಡುವವರೂ ಬರೆಯಿರಿ.


ಕೆರೆ ಏರಿ

ಅಕ್ಕಾ, ಬೇರೆ ಬಣ್ಣದ ಮಾತ್ರೆ ಅಂದ್ರಲ್ಲ, ಅದನ್ನು ಓದಿ ಬರೆಯಲೇಬೇಕು ಅನಿಸಿತು.

ನನಗೆ ತೀವ್ರ ಖಿನ್ನತೆ ಇತ್ತು. ಊಟ, ನೀರು ಎರಡೂ ಬಿಟ್ಟಿದ್ದೆ. ಇಸಿಟಿ ಕೊಟ್ಟರು. ಜನ ಕರೆಂಟ್ ಕೊಡೋದು ಅಂತಾರಲ್ಲ, ಅದೇ. ಅದರಿಂದಲೇ ನಾನು ಬದುಕಿದೆ ಅಂತ ಮೊದಲೇ ಹೇಳುತ್ತೇನೆ. ಇಸಿಟಿ ಕೆಟ್ಟದ್ದು ಅಂತ ಇದನ್ನು ಯಾರೂ ಓದಿಕೊಳ್ಳಬೇಡಿ.

ಆದರೆ ಆ ದಿನ ಬೆಳಿಗ್ಗೆ ಏನಾಯಿತು ಅಂತ ಕೇಳಿ. ವಾರ್ಡಿನಲ್ಲಿ ಎಲ್ಲರಿಗೂ ಉಪ್ಪಿಟ್ಟು ಬಂತು. ನನಗೆ ಕೊಡಲಿಲ್ಲ. ನೀರು ಕೇಳಿದೆ, ಅದನ್ನೂ ಕೊಡಲಿಲ್ಲ. ಊಟ ಬಿಟ್ಟಿದ್ದಕ್ಕೆ ಶಿಕ್ಷೆ ಕೊಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಗಾಲಿ ಮಂಚದ ಮೇಲೆ ಮಲಗಿಸಿ ಕರೆದುಕೊಂಡು ಹೋದರು. ಅನಸ್ತೇಷಿಯಾ ಕೊಡಬೇಕಾದರೆ ಹೊಟ್ಟೆ ಖಾಲಿ ಇರಬೇಕು ಅನ್ನುವ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ಅಪ್ಪನ ಹತ್ತಿರ ಸಹಿ ಹಾಕಿಸಿಕೊಂಡಿದ್ದರು. ಅಪ್ಪನಿಗೂ ಪೂರ್ತಿ ಗೊತ್ತಿರಲಿಲ್ಲ.

ಸ್ನಾಯು ಸಡಿಲಿಸುವ ಔಷಧಿ ಮತ್ತು ಅನಸ್ತೇಷಿಯಾ ಇಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ ಅಂತ ನಾನು ಎಷ್ಟೋ ಕಾಲದ ಮೇಲೆ ಓದಿದೆ. ಆ ದಿನ ನನ್ನ ತಲೆಯಲ್ಲಿ ಇದ್ದದ್ದು ಹಳೇ ಸಿನಿಮಾಗಳ ದೃಶ್ಯ. ನಾಲ್ಕು ಜನ ಕೈಕಾಲು ಹಿಡಿದುಕೊಳ್ಳುತ್ತಾರೆ, ನನಗೆ ಎಚ್ಚರ ಇರುತ್ತದೆ ಅಂತ. 'ನಿದ್ದೆ ಬರಿಸಿ ಕೊಡುತ್ತೇವೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ತಲೆನೋವು ಬರಬಹುದು. ಈ ದಿನಗಳ ನೆನಪು ಸ್ವಲ್ಪ ಅಳಿಸಿಹೋಗಬಹುದು' ಅಂತ ಯಾರಾದರೂ ಹೇಳಿದ್ದರೆ ಸಾಕಿತ್ತು. ಹೇಳಲು ಎರಡು ನಿಮಿಷ ಬೇಕಾ?

ಸರಿಯಾಗಿ ನಡೆದುಕೊಂಡವರ ಬಗ್ಗೆ ಕೇಳಿದ್ದೀರಿ. ಒಬ್ಬ ಆಯಾ ಇದ್ದರು. ಎಚ್ಚರವಾದಾಗ ಪ್ರತಿ ಸಲವೂ ಅವರು ಪಕ್ಕದಲ್ಲಿ ಇರುತ್ತಿದ್ದರು. ನನ್ನ ಹೆಸರು ಹೇಳಿ ಕರೆದು, ಇದು ಆಸ್ಪತ್ರೆ, ಇವತ್ತು ಈ ವಾರ, ನಿಮ್ಮಪ್ಪ ಹೊರಗೆ ಕೂತಿದ್ದಾರೆ ಅಂತ ಹೇಳುತ್ತಿದ್ದರು. ಅವರಿಗೆ ಯಾರೂ ಅದನ್ನು ಕಲಿಸಿರಲಿಕ್ಕಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ಆ ಅಮ್ಮನ ವಿಷಯ ಹೇಳಿ.


ಗದಗಿನ ಮೇಷ್ಟ್ರು

ನಾನು ನೌಕರಿಯಿಡೀ ಹೈಸ್ಕೂಲಿನಲ್ಲಿ ಪಾಠ ಮಾಡಿದವನು. ವಾರ್ಡಿಗೆ ಹೋದ ಮೊದಲ ದಿನವೇ 'ಏಯ್, ಬಾ ಇಲ್ಲಿ, ಮಾತ್ರೆ ನುಂಗು, ಬಾಯಿ ತೆಗಿ' ಅಂದರು. ಅಂದವನು ನನ್ನ ಮಗನ ವಾರಿಗೆಯ ಹುಡುಗ. ಅಲ್ಲೇ ನಿಂತಿದ್ದ ನನ್ನ ಮಗನಿಗೆ 'ಸರ್, ಕೂತ್ಕೊಳ್ಳಿ' ಅಂದ. ಹೇಮಾವತಿಯವರು ಹೇಳಿದ ಮಾತು ನನಗೆ ಅವತ್ತೇ ಅರ್ಥವಾಯಿತು.

ಒಂದು ರಾತ್ರಿ ನನ್ನನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದರು. ನಾನು ಬಾಗಿಲು ಬಡಿಯುತ್ತಿದ್ದೆ, ಕೂಗುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಬಡಿಯುತ್ತಿದ್ದದ್ದು ಶೌಚಾಲಯದ ಬಾಗಿಲು ರೀ. ರಾತ್ರಿ ಅದಕ್ಕೆ ಬೀಗ ಹಾಕುತ್ತಿದ್ದರು. ಯಾರೋ ಹಿಂದೆ ಒಳಗೆ ಹೋಗಿ ಅನಾಹುತ ಮಾಡಿಕೊಂಡಿದ್ದರಂತೆ. 'ಏನು ಬೇಕು ಮೇಷ್ಟ್ರೇ' ಅಂತ ಒಂದು ಮಾತು ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕಟ್ಟಿದ ಮೇಲೆ ಬಟ್ಟೆಯಲ್ಲೇ ಆಯಿತು. ಮುಂದೆ ಮಗ ದಾಖಲೆಗಳ ಪ್ರತಿ ತೆಗೆಸಿದಾಗ ನೋಡಿದೆ, ಆ ರಾತ್ರಿಯ ಬಗ್ಗೆ ಇದ್ದದ್ದು ಒಂದೇ ಸಾಲು: ರೋಗಿ ಉದ್ರಿಕ್ತರಾಗಿದ್ದರು.

ಬಿಚ್ಚಿದ ಮೇಲಾದರೂ ಒಬ್ಬರು ಕೂತು, ಯಾಕೆ ಕಟ್ಟಿದೆವು, ನಿಮಗೆ ಏನಾಗಿತ್ತು ಅಂತ ಮಾತಾಡಬೇಕಿತ್ತು. ಈಗಲೂ ನನಗೆ ಯಾರಾದರೂ ಮಣಿಕಟ್ಟು ಹಿಡಿದರೆ ಎದೆ ಹೊಡೆದುಕೊಳ್ಳುತ್ತದೆ.

ಪಕ್ಕದ ಮಂಚದಲ್ಲಿ ಒಬ್ಬರಿದ್ದರು. ಕಾಯಿಲೆ ವಾಸಿಯಾಗಿ ಬಹಳ ಕಾಲ ಆಗಿತ್ತು. ಕರೆದುಕೊಂಡು ಹೋಗುವವರು ಯಾರೂ ಬರಲಿಲ್ಲ. ಅವರೇ ನನಗೆ ಪತ್ರಿಕೆ ಓದಿ ಹೇಳುತ್ತಿದ್ದರು. ಅಂಥವರ ಕಡೆಯಿಂದ ಯಾರು ಬರೆಯಬೇಕು?


ಒಬ್ಬ ಅಣ್ಣ

ಇದನ್ನೆಲ್ಲ ಓದಿ ದುಃಖವಾಯಿತು. ಮೇಷ್ಟ್ರಿಗೆ ಆದದ್ದು ಯಾರಿಗೂ ಆಗಬಾರದು. ಆದರೆ ನನಗೆ ಸ್ವಲ್ಪ ಕೋಪವೂ ಬಂತು. ಅದನ್ನೂ ಹೇಳುತ್ತೇನೆ.

ನನ್ನ ತಂಗಿಗೆ ಸ್ಕಿಜೋಫ್ರೇನಿಯಾ. ಅವಳನ್ನು ಕೇಳಿಯೇ ಅಡ್ಮಿಟ್ ಮಾಡಬೇಕು ಅಂತ ಕಾದಿದ್ದರೆ ಅವಳು ಇವತ್ತು ಇರುತ್ತಿರಲಿಲ್ಲ. ಅನ್ನಕ್ಕೆ ವಿಷ ಬೆರೆಸುತ್ತಾರೆ ಅಂತ ಅಮ್ಮ ಮಾಡಿದ ಅಡುಗೆ ಮುಟ್ಟುತ್ತಿರಲಿಲ್ಲ. ರಾತ್ರಿ ಎದ್ದು ಹೋಗಿಬಿಡುತ್ತಿದ್ದಳು. ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಹೆಣ್ಣು ಮಗಳು. ನಮ್ಮ ಗತಿ ಏನಾಗಿರಬೇಡ?

ವಾರ್ಡಿನಲ್ಲಿ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿದ್ದು ನಾನು ಮತ್ತು ಅಮ್ಮ. ಸಂಬಳ ಕಟ್ ಆಯಿತು. ಔಷಧಿ ತರಲು ಓಡಿದ್ದು ನಾನು. ಮನೆಗೆ ಬಂದ ಮೇಲೆ ಎರಡು ಹೊತ್ತು ಮಾತ್ರೆ ಕೊಡುವುದು ಅಮ್ಮ. ಡಾಕ್ಟರ್ ನಮ್ಮ ಜೊತೆ ಮಾತಾಡದೆ ಇನ್ಯಾರ ಜೊತೆ ಮಾತಾಡಬೇಕು? ರೋಗಿಯ ಮಾತು ಕೇಳಿ, ಬೇಡ ಅನ್ನುತ್ತಿಲ್ಲ. ಆದರೆ ಮನೆಯವರು ಅಂದರೆ ಅಡ್ಡಿ ಅನ್ನುವ ಹಾಗೆ ಬರೆಯಬೇಡಿ.


ಹೇಮಾವತಿ ದಡ

ಅಣ್ಣಾ, ನೀವು ಬರೆದದ್ದು ಒಳ್ಳೆಯದಾಯಿತು. ನನ್ನ ಅಣ್ಣನೂ ಹಾಗೇ ಚಾಪೆ ಮೇಲೆ ಮಲಗಿದವನು. ಅವನಿಲ್ಲದಿದ್ದರೆ ನಾನೂ ಇರುತ್ತಿರಲಿಲ್ಲ.

ಆದರೆ ಅಡ್ಮಿಟ್ ಮಾಡಿಸುವುದು ಒಂದು, ಒಳಗೆ ಇರುವಾಗ ದಿನವೂ ಕೇಳುವುದು ಇನ್ನೊಂದು. ಅನ್ನದಲ್ಲಿ ವಿಷ ಇದೆ ಅಂತ ನಿಮ್ಮ ತಂಗಿ ನಂಬಿದ್ದ ದಿನವೂ ಅವಳಿಗೆ ಬೇರೆ ಎಷ್ಟೋ ವಿಷಯ ಸರಿಯಾಗಿಯೇ ಗೊತ್ತಿರುತ್ತದೆ. ದೀಪ ಹಾಕಿಕೊಂಡು ಮಲಗಬೇಕಾ, ಯಾವ ತೋಳಿಗೆ ಇಂಜೆಕ್ಷನ್, ಸ್ನಾನಕ್ಕೆ ಬಿಸಿನೀರು ಬೇಕಾ, ಪಕ್ಕದಲ್ಲಿ ಅಮ್ಮ ಇರಬೇಕಾ ನೀವು ಇರಬೇಕಾ. ಒಂದು ವಿಷಯದಲ್ಲಿ ಬುದ್ಧಿ ಕೈಕೊಟ್ಟಿದೆ ಅಂದ ಮಾತ್ರಕ್ಕೆ ಎಲ್ಲದರಲ್ಲೂ ಕೈಕೊಟ್ಟಿದೆ ಅಂತ ಯಾಕೆ ಅಂದುಕೊಳ್ಳಬೇಕು? ಅವಳು ಅಡ್ಮಿಷನ್ ಬೇಡ ಅಂದಿದ್ದಕ್ಕೆ ಅವಳ ಬಾಕಿ ಮಾತುಗಳನ್ನೂ ಕೇಳದೆ ಬಿಟ್ಟರೆ, ಅವಳಿಗೆ ಉಳಿದಿರುವುದು ಕೂಗುವುದೊಂದೇ. ಆಗ ಅದೂ ಕಾಯಿಲೆಯ ಲೆಕ್ಕಕ್ಕೆ ಸೇರುತ್ತದೆ.

ಆಗದಿದ್ದರೆ ಬೇಡ, ಆದರೂ ಕೇಳುತ್ತೇನೆ. ತಂಗಿ ಈಗ ಸುಧಾರಿಸಿದ್ದಾರೆ ಅಂದರೆ, ಆಗ ವಾರ್ಡಿನಲ್ಲಿ ಏನು ಬೇಕಿತ್ತು ಅಂತ ಅವರನ್ನೇ ಕೇಳಿ ನೋಡುತ್ತೀರಾ?


ರಾತ್ರಿ ಪಾಳಿ

ನಾನು ಕುಂದಾಪುರದವಳು. ಈಗ ಇಂಗ್ಲೆಂಡಿನಲ್ಲಿ ಮನೋರೋಗ ವಾರ್ಡಿನಲ್ಲಿ ನರ್ಸ್. ಮುಂಚೆ ಊರಿನ ಕಡೆಯೂ ಕೆಲಸ ಮಾಡಿದ್ದೇನೆ.

ಇಲ್ಲಿ 1983ರ ಮಾನಸಿಕ ಆರೋಗ್ಯ ಕಾಯ್ದೆ ಇದೆ. ಒಬ್ಬರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಸೇರಿಸಿಕೊಂಡರೆ, ಯಾವ ಸೆಕ್ಷನ್ ಕೆಳಗೆ, ಹೆಚ್ಚೆಂದರೆ ಎಷ್ಟು ದಿನ, ಬೇಡ ಅಂದರೆ ಯಾರಿಗೆ ಅರ್ಜಿ ಹಾಕಬಹುದು ಅಂತ ಅವರಿಗೆ ಹೇಳಲೇಬೇಕು. ಪರೀಕ್ಷೆಗೆ ಅಂತ ಸೇರಿಸಿಕೊಂಡರೆ 28 ದಿನ, ಚಿಕಿತ್ಸೆಗೆ ಅಂದರೆ ಮೊದಲಿಗೆ ಆರು ತಿಂಗಳವರೆಗೆ. ಹೇಳುವ ಕೆಲಸ ಹೆಚ್ಚಾಗಿ ನಮ್ಮದೇ, ನರ್ಸುಗಳದ್ದು. ಆ ದಿನ ಅವರ ತಲೆಗೆ ಹೋಗಲಿಲ್ಲ ಅಂದರೆ ಇನ್ನೊಂದು ದಿನ ಮತ್ತೆ ಹೇಳುತ್ತೇವೆ. ಭಾಷೆ ಬಾರದವರಿಗೆ ದುಭಾಷಿಯನ್ನು ಕರೆಸುತ್ತೇವೆ. ಮನೆಯವರನ್ನೇ ದುಭಾಷಿ ಮಾಡಬಾರದು ಅನ್ನುವುದು ಇಲ್ಲಿನ ನಡಾವಳಿ. ಗಂಡ ಪಕ್ಕದಲ್ಲಿ ಕೂತು 'ಅವಳು ಹೀಗಂತಾಳೆ' ಅಂದರೆ, ಆಕೆಯ ಮಾತು ಎಷ್ಟು, ಅವನದೆಷ್ಟು ಅಂತ ನಮಗೆ ಹೇಗೆ ಗೊತ್ತಾಗಬೇಕು? ಆಸ್ಪತ್ರೆಯ ಸಿಬ್ಬಂದಿಯಲ್ಲದ ಒಬ್ಬರು ರೋಗಿಯ ಪರವಾಗಿ ಮಾತಾಡಲು ಬರುತ್ತಾರೆ. ಮೀಟಿಂಗಿನಲ್ಲಿ ರೋಗಿಯ ಪಕ್ಕದಲ್ಲೇ ಕೂರುತ್ತಾರೆ.

ಮೇಷ್ಟ್ರೇ, ನೀವು ಹೇಳಿದ 'ಬಿಚ್ಚಿದ ಮೇಲೆ ಕೂತು ಮಾತಾಡುವುದು' ಇಲ್ಲಿ ನಮ್ಮ ಕೆಲಸದ ಭಾಗ. 2010ರಲ್ಲಿ ಒಲಸೆನಿ ಲೂಯಿಸ್ ಅನ್ನುವ 23 ವರ್ಷದ ಹುಡುಗ ಲಂಡನ್ನಿನ ಆಸ್ಪತ್ರೆಯಲ್ಲಿ ಪೊಲೀಸರು ಅದುಮಿ ಹಿಡಿದ ಮೇಲೆ ತೀರಿಹೋದ. ಅವನ ತಂದೆತಾಯಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಬಲಪ್ರಯೋಗದ ಮೇಲೆ ಬೇರೆಯೇ ಕಾನೂನು ಬಂತು. ಅದನ್ನು ಅವನ ಹೆಸರಿನಿಂದಲೇ 'ಸೆನಿಯ ಕಾನೂನು' ಅಂತ ಕರೆಯುತ್ತಾರೆ.

ಸೇಫ್‌ವಾರ್ಡ್ಸ್ ಅಂತ ಒಂದು ಪದ್ಧತಿಯೂ ಇದೆ. ಹತ್ತು ಚಿಕ್ಕ ಚಿಕ್ಕ ಕೆಲಸಗಳು. ಸಿಬ್ಬಂದಿ ಮತ್ತು ರೋಗಿಗಳು ತಮ್ಮ ಇಷ್ಟದ ತಿಂಡಿ, ಆಟ, ಸಂಗೀತ ಅಂತ ಸ್ವಲ್ಪ ಪರಿಚಯ ಬರೆದಿಡುವುದು. ಕೆಟ್ಟ ಸುದ್ದಿ ಬರುವುದಿದೆ ಅಂದರೆ ಮೊದಲೇ ಅಂದಾಜು ಮಾಡಿ ಜೊತೆಗಿರುವುದು. 'ಇಲ್ಲ' ಅನ್ನಬೇಕಾದಾಗ ಹೇಗೆ ಮೆತ್ತಗೆ ಹೇಳುವುದು. ಮನೆಗೆ ಹೋಗುವವರು ಉಳಿದವರಿಗೆ ಒಂದು ಧೈರ್ಯದ ಮಾತು ಬರೆದು ಹೋಗುವುದು. ಇಂಗ್ಲೆಂಡಿನ ವಾರ್ಡುಗಳಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಜಗಳ, ಗಲಾಟೆ ಸುಮಾರು 15% ಕಡಿಮೆಯಾದವು. ಹಿಡಿಯುವುದು, ಕೂಡಿಹಾಕುವುದು, ಬಲವಂತದ ಇಂಜೆಕ್ಷನ್ ಇಂಥವು ಸುಮಾರು 26% ಇಳಿದವು. ಅದಕ್ಕೆ ದೊಡ್ಡ ದುಡ್ಡೇನೂ ಬೇಕಾಗಲಿಲ್ಲ.

ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಬೆಡ್ ಇಲ್ಲ ಅಂತ ಮನೆಯಿಂದ ಗಂಟೆಗಟ್ಟಲೆ ದೂರದ ಊರಿಗೆ ಕಳಿಸುತ್ತಾರೆ. ಏಜೆನ್ಸಿಯಿಂದ ಬರುವ ತಾತ್ಕಾಲಿಕ ಸಿಬ್ಬಂದಿ, ದಿನಕ್ಕೊಂದು ಹೊಸ ಮುಖ. ನಾವು ಕಂಪ್ಯೂಟರ್ ಮುಂದೆ ಬರೆಯುತ್ತಾ ಕೂತಿರುತ್ತೇವೆ. ರೋಗಿಗಳು ಗಾಜಿನಾಚೆ ನಿಂತು ಕಾಯುತ್ತಾರೆ. 'ಸಿಸ್ಟರ್, ನೀವು ನಮ್ಮ ಜೊತೆ ಕೂರುವುದೇ ಇಲ್ಲ' ಅನ್ನುವುದು ಇಲ್ಲಿಯೂ ಜಾಸ್ತಿ ಕೇಳುವ ದೂರು. ರಾತ್ರಿಯಂತೂ ಇಲ್ಲಿ ರೋಗಿ ಒಬ್ಬರೇ. ಊರಿನ ವಾರ್ಡಿನಲ್ಲಿ ಚಾಪೆ ಮೇಲೆ ಮಲಗಿದ ಅಮ್ಮಂದಿರನ್ನು ನೆನಪಿಸಿಕೊಂಡರೆ, ಆ ಅಣ್ಣ ಹೇಳಿದ್ದು ನನಗೆ ಅರ್ಥವಾಗುತ್ತದೆ.


ಮಗುವಿನ ಅಮ್ಮ

ಹೆರಿಗೆಯಾಗಿ ಸ್ವಲ್ಪ ದಿನಕ್ಕೆ ನನಗೆ ಸೈಕೋಸಿಸ್ ಆಯಿತು, ನಿಜ ಯಾವುದು ಭ್ರಮೆ ಯಾವುದು ಅಂತ ತಿಳಿಯದ ಸ್ಥಿತಿ. ಮಗುವನ್ನು ಬದಲಾಯಿಸಿದ್ದಾರೆ ಅಂತ ನಂಬಿದ್ದೆ. ಅಡ್ಮಿಟ್ ಮಾಡಿದರು. ಮಗು ಅತ್ತೆ ಜೊತೆ ಹೋಯಿತು.

ಮೊದಲು ತಾಳಿ, ಬಳೆ ತೆಗೆಸಿದರು. ಯಾಕೆ ಅಂತ ಹೇಳಲಿಲ್ಲ. ನನ್ನ ಗಂಡನಿಗೆ ಏನೋ ಆಗಿದೆ, ಅದಕ್ಕೇ ತೆಗೆಸುತ್ತಿದ್ದಾರೆ ಅಂದುಕೊಂಡು ನಾನು ಅತ್ತ ಅಳು ವಾರ್ಡಿಗೆಲ್ಲ ಕೇಳಿಸಿತು. ಅದಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಮಾರನೇ ದಿನ ಬೇರೆ ಸಿಸ್ಟರ್ ಬಂದರು. 'ಇಲ್ಲಿ ಯಾರ ಕುತ್ತಿಗೆಯಲ್ಲೂ ಸರ ಇರಬಾರದಮ್ಮ, ಕುತ್ತಿಗೆಗೆ ಬಿಗಿದುಕೊಂಡರೆ ಜೀವಕ್ಕೆ ಅಪಾಯ. ನಿಮ್ಮವರು ಚೆನ್ನಾಗಿದ್ದಾರೆ, ಸಂಜೆ ಬರುತ್ತಾರೆ' ಅಂದರು. ತಾಳಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ನನ್ನ ಹೆಸರು ಬರೆದು, ನನ್ನ ಎದುರಿಗೇ ನನ್ನ ತಾಯಿಯ ಕೈಗೆ ಕೊಟ್ಟರು. ನಾನು ಅಲ್ಲಿ ಮೊದಲ ಸಲ ನಂಬಿದ್ದು ಅವರನ್ನು. ಅವರು ಕೊಟ್ಟ ಮಾತ್ರೆಯನ್ನು ಬಾಯಿ ತೆರೆದು ತೋರಿಸದೆಯೇ ನುಂಗುತ್ತಿದ್ದೆ.

ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿತ್ತು. ಅದನ್ನು ಯಾರಿಗೆ ಹೇಳಬೇಕು ಅಂತ ಗೊತ್ತಾಗಲಿಲ್ಲ. ರೌಂಡ್ಸಿನಲ್ಲಿ ಎಲ್ಲರೂ ಕೇಳುತ್ತಿದ್ದದ್ದು ದನಿಗಳು ಕೇಳಿಸುತ್ತಿವೆಯಾ ಅಂತ. ಬಾತ್‌ರೂಮಿಗೆ ಚಿಲಕ ಇರಲಿಲ್ಲ. ಪ್ಯಾಡ್ ಬೇಕಾದರೆ ಗಂಡಸು ಅಟೆಂಡರ್ ಮೂಲಕ ಹೇಳಿ ಕಳಿಸಬೇಕಿತ್ತು.

ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಳ್ಳುವ ವಾರ್ಡ್ ಇದೆ ಅಂತ ನನಗೆ ಆಮೇಲೆ ತಿಳಿಯಿತು. ಅಂಥದ್ದು ಜಿಲ್ಲೆಗೊಂದು ಇದ್ದಿದ್ದರೆ ನನ್ನ ಮಗಳ ಮೊದಲ ತಿಂಗಳುಗಳು ನನ್ನ ಹತ್ತಿರ ಇರುತ್ತಿದ್ದವು.


ಎರಡನೇ ವರ್ಷದ ಪಿಜಿ

ನಾನು ಸೈಕಿಯಾಟ್ರಿ ರೆಸಿಡೆಂಟ್, ಅಂದರೆ ಮನೋವೈದ್ಯಕೀಯದ ಸ್ನಾತಕೋತ್ತರ ಓದುತ್ತಾ ವಾರ್ಡಿನಲ್ಲಿ ಕೆಲಸ ಮಾಡುವ ಡಾಕ್ಟರ್. ನಮ್ಮ ಕಡೆಯಿಂದ ಕೆಲವು ಮಾತು.

ರೌಂಡ್ಸಿನಲ್ಲಿ ಇಂಗ್ಲಿಷ್ ಯಾಕೆ ಅಂದರೆ, ಕಲಿಯುವುದು ಪರೀಕ್ಷೆ ಬರೆಯುವುದು ಅದರಲ್ಲೇ. ಹೊರ ರಾಜ್ಯದಿಂದ ಬಂದ ಸಹಪಾಠಿಗಳು ಬಹಳ. ಅವರು ಕನ್ನಡ ಕಲಿಯುವುದು ವಾರ್ಡಿನ ಸಿಸ್ಟರ್‌ಗಳಿಂದ. ಇನ್ನೊಂದು ಕಾರಣವೂ ಇದೆ. ಮಂಚಗಳ ನಡುವೆ ಪರದೆಯೂ ಇರುವುದಿಲ್ಲ. ಒಬ್ಬರ ಮನೆಯ ಜಗಳ, ಗುಟ್ಟು ಎಲ್ಲವನ್ನೂ ಕನ್ನಡದಲ್ಲಿ ಜೋರಾಗಿ ಮಾತಾಡಿದರೆ ಪಕ್ಕದವರಿಗೆಲ್ಲ ಕೇಳಿಸುತ್ತದೆ.

ಆದರೂ ಅರಕಲಗೂಡಿನ ಅಜ್ಜಿಯ ಪ್ರಶ್ನೆಗೆ ಇದು ಉತ್ತರ ಆಗುವುದಿಲ್ಲ, ಒಪ್ಪುತ್ತೇನೆ. ನಮ್ಮ ಯೂನಿಟ್ಟಿನ ಪ್ರೊಫೆಸರ್ ಒಂದು ಪದ್ಧತಿ ಮಾಡಿದ್ದಾರೆ. ಒಂದು ಮಂಚದಿಂದ ಮುಂದೆ ಹೋಗುವ ಮೊದಲು ಯಾರಾದರೂ ಒಬ್ಬರು ರೋಗಿಯ ಪಕ್ಕ ಸ್ಟೂಲ್ ಹಾಕಿ ಕೂರಬೇಕು. ಇವತ್ತು ಏನು ಬದಲಾಯಿತು, ಯಾಕೆ ಅಂತ ಅವರ ಭಾಷೆಯಲ್ಲಿ ಹೇಳಬೇಕು. ಕೊನೆಗೆ 'ನೀವು ಏನಾದರೂ ಕೇಳಬೇಕಾ' ಅನ್ನಬೇಕು. ನಿಂತುಕೊಂಡು ಹೇಳುವ ಹಾಗಿಲ್ಲ. ಇದರಿಂದ ರೌಂಡ್ಸ್ ಸ್ವಲ್ಪ ಉದ್ದವಾಗುತ್ತದೆ. ಆದರೆ ಮಧ್ಯಾಹ್ನ ನರ್ಸಿಂಗ್ ಸ್ಟೇಷನ್ ಮುಂದೆ ಬಂದು ನಿಲ್ಲುವವರು ಕಡಿಮೆಯಾಗಿದ್ದಾರೆ.

ಚಿಲಕದ ವಿಷಯ. ಒಳಗಿನಿಂದ ಹಾಕಿಕೊಂಡರೂ ಹೊರಗಿನಿಂದ ಸಿಬ್ಬಂದಿ ತೆರೆಯಬಹುದಾದ ಚಿಲಕಗಳು ಸಿಗುತ್ತವೆ. ಜೀವದ ಭಯವೂ ನಿಜ, ಮಾನವೂ ನಿಜ. ಎರಡಕ್ಕೂ ದಾರಿ ಇದೆ. ಮೇಷ್ಟ್ರಿಗೆ ಆದದ್ದು ಮಾತ್ರ ನನಗೆ ಅರಗುತ್ತಿಲ್ಲ. ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್, ಒಬ್ಬರೇ ಅಟೆಂಡರ್ ಇರುವ ಕಡೆಗಳಿವೆ. ಆಗ ಜಗಳ ಬಿಡಿಸಲು ಅವರಿಗೆ ಸಿಗುವ ಸುಲಭದ ದಾರಿ ಬಟ್ಟೆ. ಜನ ಹೆಚ್ಚಾಗದೆ ಬರೀ ಉಪದೇಶದಿಂದ ಇದು ಹೋಗುವುದಿಲ್ಲ. ನರ್ಸಿಂಗ್ ಮಕ್ಕಳಿಗೆ ಅದನ್ನೂ ಹೇಳಿ.


ಉಪ್ಪು ನೀರು

ಮಾತ್ರೆಯ ಬಗ್ಗೆ ಒಂದು ಮಾತು. ನನಗೆ ಕೊಟ್ಟಿರುವುದು ಲಿಥಿಯಂ, ಮನಸ್ಸಿನ ಏರಿಳಿತ ತಡೆಯುವ ಔಷಧಿ. ಕೈ ನಡುಗಬಹುದು, ಬಾಯಾರಿಕೆ ಜಾಸ್ತಿಯಾಗಬಹುದು, ರಕ್ತದಲ್ಲಿ ಅದರ ಮಟ್ಟ ಆಗಾಗ ನೋಡಿಸಬೇಕು, ಭೇದಿ ಅಥವಾ ವಾಂತಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ ಮಟ್ಟ ಏರಿ ಅಪಾಯ ಆಗಬಹುದು ಅಂತ ನನಗೆ ಹೇಳಿದ್ದು ಮೆಡಿಕಲ್ ಶಾಪಿನವರು. ಡಿಸ್ಚಾರ್ಜ್ ಸಮರಿಯಲ್ಲಿ ಇದ್ದದ್ದು ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಅಷ್ಟೇ.

ವಾರ್ಡಿನಲ್ಲಿ ನನ್ನ ಗೆಳೆಯನಾದ ಹುಡುಗನಿಗೆ ಓಲಾಂಜಪಿನ್ ಅನ್ನುವ ಮನೋರೋಗದ ಮಾತ್ರೆ ಕೊಟ್ಟಿದ್ದರು. ತೂಕ ಏರುತ್ತದೆ ಅಂತ ಯಾರೂ ಹೇಳಲಿಲ್ಲ. ಮನೆಗೆ ಹೋದ ಮೇಲೆ ಪ್ಯಾಂಟ್ ಹಿಡಿಸಲಿಲ್ಲ ಅಂತ ಅವನೇ ಮಾತ್ರೆ ನಿಲ್ಲಿಸಿದ. ಮತ್ತೆ ಅಡ್ಮಿಟ್. ಕೇಸ್ ಶೀಟಿನಲ್ಲಿ ಬರೆದುಕೊಂಡರು, ಮಾತ್ರೆ ತೆಗೆದುಕೊಳ್ಳಲಿಲ್ಲ ಅಂತ. ಮೊದಲೇ ಹೇಳಿದ್ದರೆ ಅವನು ಬಂದು 'ಬೇರೆ ಏನಾದರೂ ಕೊಡಿ' ಅಂತ ಕೇಳುತ್ತಿದ್ದ.


ಮನೋ ಸಾಮಾಜಿಕ ಕಾರ್ಯಕರ್ತೆ

ಕಾನೂನಿನ ಮಾತು ಬಂದಿದೆ. ನನಗೆ ದಿನವೂ ಕೆಲಸಕ್ಕೆ ಬೇಕಾದಷ್ಟನ್ನು ಹೇಳುತ್ತೇನೆ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದು. ಜಾರಿಗೆ ಬಂದದ್ದು 2018ರ ಮೇ 29ರಂದು. ಇಲ್ಲಿ ಬರೆದ ದೂರುಗಳಲ್ಲಿ ಹೆಚ್ಚಿನವಕ್ಕೆ ಅದರಲ್ಲಿ ಜಾಗ ಇದೆ. ಚಿಕಿತ್ಸೆ 'ಯಾಕೆ, ಏನು, ಅಡ್ಡ ಪರಿಣಾಮ ಏನು' ಅಂತ ರೋಗಿಗೇ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಸ್ವಂತ ಬಟ್ಟೆ ಹಾಕಿಕೊಳ್ಳಬಹುದು. ಬಲವಂತವಾಗಿ ತಲೆ ಬೋಳಿಸುವ ಹಾಗಿಲ್ಲ. ಮುಟ್ಟಿನ ಸಮಯಕ್ಕೆ ಬೇಕಾದದ್ದು ಸಿಗುವಂತೆ ನೋಡಿಕೊಳ್ಳಬೇಕು. ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡಬಾರದು. ಮಗುವಿಗೆ ಅಪಾಯ ಇದೆ ಅಂತ ಡಾಕ್ಟರಿಗೆ ಅನಿಸಿದರೆ ಮಾತ್ರ ಸ್ವಲ್ಪ ಕಾಲ ಬೇರೆ ಇಡಬಹುದು. ಆಗಲೂ ತಾಯಿ ಮಗುವನ್ನು ನೋಡಲು ಅವಕಾಶ ಇರಬೇಕು.

ಮೇಷ್ಟ್ರಿಗೆ: ಸರಪಳಿ ಹಾಕುವುದು ಪೂರ್ತಿ ನಿಷೇಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ 28 ಜನ ಸತ್ತರು. ಆ ನೋವು ಈ ಕಾಯ್ದೆಯ ಹಿಂದೆ ಇದೆ. ಒಂಟಿಯಾಗಿ ಕೂಡಿಹಾಕುವುದಕ್ಕೂ ನಿಷೇಧ. ಕಟ್ಟುವುದಕ್ಕೆ ಅವಕಾಶ ಇರುವುದು, ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಮನೋವೈದ್ಯರ ಒಪ್ಪಿಗೆ ಬೇಕು. ಯಾಕೆ, ಎಷ್ಟು ಹೊತ್ತು ಅಂತ ಬರೆದಿಡಬೇಕು. ರೋಗಿಯ ಪರವಾಗಿ ನಿಲ್ಲುವ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಯಾಗಿಯಾಗಲಿ, ಸಿಬ್ಬಂದಿ ಕಡಿಮೆ ಅಂತಾಗಲಿ ಕಟ್ಟುವ ಹಾಗಿಲ್ಲ. ನಿಮ್ಮ ಪಕ್ಕದ ಮಂಚದವರ ವಿಷಯವೂ ಕಾಯ್ದೆಯಲ್ಲಿದೆ. ಮನೆಯವರು ಬರಲಿಲ್ಲ, ಮನೆಯೇ ಇಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬಾರದು. ಆದರೆ ಆಸ್ಪತ್ರೆ ಬಿಟ್ಟವರು ನೆರವಿನೊಂದಿಗೆ ಇರಬಹುದಾದ 'ಅರ್ಧ ದಾರಿ ಮನೆ'ಗಳು ಹೊರಗೆ ಸಾಕಷ್ಟು ಇಲ್ಲ. ಅದಕ್ಕೇ ಅವರು ಇನ್ನೂ ಅಲ್ಲೇ ಇರುತ್ತಾರೆ. ನನ್ನ ಕೆಲಸದಲ್ಲಿ ನನಗೆ ಜಾಸ್ತಿ ಸಂಕಟ ಕೊಡುವುದು ಇದೇ.

ಅಣ್ಣನವರಿಗೆ: ನಿಮ್ಮ ತಂಗಿಯಂಥ ಸ್ಥಿತಿಯಲ್ಲಿ ಒಪ್ಪಿಗೆ ಇಲ್ಲದೆಯೂ ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನದವರೆಗೆ ಸೇರಿಸಿಕೊಳ್ಳಬಹುದು. ಹೆಂಗಸರಾದರೆ ಮೂರು ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ತಂಗಿಯೇ ಮಂಡಳಿಗೆ ಅರ್ಜಿ ಹಾಕಿ 'ನನ್ನನ್ನು ಇಲ್ಲಿ ಇಟ್ಟಿರುವುದು ಸರಿಯಾ ನೋಡಿ' ಅನ್ನಬಹುದು. ಮನೆಯವರು ಜೊತೆಗಿರುವುದು ನಮ್ಮ ದೇಶದ ದೊಡ್ಡ ಬಲ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ನಿಮ್ಹಾನ್ಸ್‌ನಂಥ ಕಡೆ ಈಗಲೂ ಅಂಥ ವಾರ್ಡುಗಳಿವೆ. ರೋಗಿಯ ಜೊತೆ ಮಾತಾಡಿ, ಆಮೇಲೆ ರೋಗಿಯ ಎದುರಿಗೇ ಮನೆಯವರ ಜೊತೆ ಮಾತಾಡಿದರೆ ಇಬ್ಬರಿಗೂ ಅನ್ಯಾಯ ಆಗುವುದಿಲ್ಲ. ನಾನು ಹಾಗೇ ಮಾಡುತ್ತೇನೆ.


ವೇದಿಕೆ ನಿರ್ವಾಹಕರು

ಓದುತ್ತಿರುವವರಲ್ಲಿ ಯಾರಿಗಾದರೂ ಈಗಲೇ ಮನಸ್ಸು ತಡೆಯದಷ್ಟು ಕಷ್ಟವಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ನಿಮ್ಮ ಔಷಧಿಯನ್ನು ಈ ಚರ್ಚೆ ಓದಿ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಕೇಳಿ.


ಒಬ್ಬ ಅಣ್ಣ

ತಂಗಿಯನ್ನು ಕೇಳಿದೆ. ರೊಟ್ಟಿ ತಟ್ಟುತ್ತಿದ್ದಳು. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ 'ಕನ್ನಡಕ' ಅಂದಳು.

ಅಡ್ಮಿಟ್ ಆದ ದಿನ ಗಾಜು ಅಂತ ಅವಳ ಕನ್ನಡಕ ತೆಗೆದಿಟ್ಟಿದ್ದರು. ಅವಳಿಗೆ ದೂರದ್ದು ಕಾಣುವುದಿಲ್ಲ. ಹತ್ತಿರ ಬರುವವರೆಗೆ ಬರುತ್ತಿರುವುದು ಯಾರು ಅಂತ ಗೊತ್ತಾಗುತ್ತಿರಲಿಲ್ಲವಂತೆ. ಮೊದಲೇ ಯಾರೋ ಕೊಲ್ಲಲು ಬರುತ್ತಾರೆ ಅನ್ನುವ ಭಯ. ಅದರ ಮೇಲೆ ಮುಖವೇ ಇಲ್ಲದ ಜನ ಬಂದು ಇಂಜೆಕ್ಷನ್ ಚುಚ್ಚುತ್ತಿದ್ದರು. 'ಅಣ್ಣಾ, ನೀನು ಬಂದರೂ ನೀನೇ ಅಂತ ಮಾತಾಡಿದ ಮೇಲೆ ಗೊತ್ತಾಗ್ತಿತ್ತು' ಅಂದಳು. ಅಡ್ಮಿಟ್ ಮಾಡಿದ್ದು ತಪ್ಪಾ ಅಂತ ಕೇಳಿದೆ. ಅಲ್ಲ ಅಂದಳು.

ಡಾಕ್ಟರ್ ಮನೆಯವರ ಜೊತೆ ಮಾತಾಡಲೇಬೇಕು ಅನ್ನುವುದರಲ್ಲಿ ನನ್ನ ಮಾತು ಬದಲಾಗಿಲ್ಲ. ಕನ್ನಡಕದ ವಿಷಯವನ್ನು ನರ್ಸಿಂಗ್ ಮಕ್ಕಳಿಗೆ ಹೇಳಿ. ಪ್ಲಾಸ್ಟಿಕ್ ಗಾಜಿನದು ಮಾಡಿಸಿ ತನ್ನಿ ಅಂದಿದ್ದರೆ ಅವತ್ತೇ ತರುತ್ತಿದ್ದೆ.


ರಾತ್ರಿ ಪಾಳಿ

ಅಣ್ಣಾ, ಇದನ್ನು ನಮ್ಮ ವಾರ್ಡಿನಲ್ಲೂ ಹೇಳುತ್ತೇನೆ. ತಂಗಿಗೆ ನನ್ನ ನಮಸ್ಕಾರ ಹೇಳಿ.


ಹೇಮಾವತಿ ದಡ

ನಾನು ಬರೆದುಕೊಂಡಿದ್ದ ಭಾಷಣವನ್ನು ಬದಿಗಿಟ್ಟಿದ್ದೇನೆ. ಉಪ್ಪಿಟ್ಟು, ತಾಳಿ, ಶೌಚಾಲಯದ ಬೀಗ, ಕನ್ನಡಕ ಇವನ್ನೇ ಒಂದೊಂದಾಗಿ ಹೇಳುತ್ತೇನೆ. ಪ್ರತಿಯೊಂದಾದ ಮೇಲೂ ಮಕ್ಕಳನ್ನೇ ಕೇಳುತ್ತೇನೆ, ನೀವು ಅಲ್ಲಿ ಡ್ಯೂಟಿಯಲ್ಲಿದ್ದರೆ ಏನು ಹೇಳುತ್ತಿದ್ದಿರಿ ಅಂತ. ಇವೆಲ್ಲ ಕೊನೆಯ ವರ್ಷದ ವಿದ್ಯಾರ್ಥಿಯೂ ಮಾಡಬಹುದಾದ ಕೆಲಸಗಳು. ಯಾವ ಪ್ರೊಫೆಸರ ಅನುಮತಿಯೂ ಬೇಡ. ಪಿಜಿ ಡಾಕ್ಟರ್ ಹೇಳಿದ ಸ್ಟೂಲಿನ ಪದ್ಧತಿಯನ್ನು ಅಲ್ಲಿನ ಪ್ರಿನ್ಸಿಪಾಲರ ಮುಂದೆ ಇಡುತ್ತೇನೆ. ರಾತ್ರಿ ಪಾಳಿಗೆ ಇನ್ನೊಬ್ಬರು ಬೇಕು ಅನ್ನುವುದನ್ನೂ ಅಲ್ಲೇ ಎತ್ತುತ್ತೇನೆ.

ಮನೋ ಸಾಮಾಜಿಕ ಕಾರ್ಯಕರ್ತೆಯವರೇ, ಒಂದು ಪ್ರಶ್ನೆ ಉಳಿದಿದೆ. ಪ್ರತಿನಿಧಿ ಅಂದ್ರಲ್ಲ, ಅದು ಮನೆಯವರೇ ಆಗಬೇಕಾ? ಮತ್ತೆ ಕಾಯಿಲೆ ಜೋರಾದರೆ ಏನು ಬೇಕು, ಏನು ಬೇಡ ಅಂತ ಈಗಲೇ ಬರೆದಿಡಬಹುದಾ?


ಮನೋ ಸಾಮಾಜಿಕ ಕಾರ್ಯಕರ್ತೆ

ಮನೆಯವರೇ ಆಗಬೇಕಿಲ್ಲ. 18 ತುಂಬಿದ, ಆ ಕೆಲಸ ಮಾಡಬಲ್ಲ, ಒಪ್ಪಿದ ಯಾರಾದರೂ ಆಗಬಹುದು. ಗೆಳತಿಯೂ ಸರಿ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಯಾವಾಗ ಬೇಕಾದರೂ ಬದಲಾಯಿಸಬಹುದು. ಯಾರ ಹೆಸರನ್ನೂ ಬರೆಯದಿದ್ದರೆ ಆಗ ಸಂಬಂಧಿಕರು ಬರುತ್ತಾರೆ.

ಏನು ಬೇಕು, ಏನು ಬೇಡ ಅಂತ ಬರೆದಿಡುವುದಕ್ಕೆ ಅಡ್ವಾನ್ಸ್ ಡೈರೆಕ್ಟಿವ್ ಅಂತಾರೆ. ಇಬ್ಬರು ಸಾಕ್ಷಿಗಳ ಸಹಿ ಬೇಕು, ಮಂಡಳಿಯಲ್ಲಿ ನೋಂದಾಯಿಸಬೇಕು. ತುರ್ತು ಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ. ಉಳಿದ ಸಮಯದಲ್ಲಿ ನೀವು ಬರೆದಿಟ್ಟದ್ದನ್ನು ಬಿಟ್ಟು ಬೇರೆ ಮಾಡಬೇಕು ಅಂದರೆ ಡಾಕ್ಟರ್ ಮಂಡಳಿಗೆ ಅರ್ಜಿ ಹಾಕಬೇಕು. ಯಾವ ಮಾತ್ರೆ ನಿಮಗೆ ಒಗ್ಗಲಿಲ್ಲ, ಯಾವುದು ಒಗ್ಗಿತು ಅನ್ನುವುದನ್ನು ಮರೆಯದೆ ಬರೆಯಿರಿ. ಈಗ ಆರಾಮಾಗಿದ್ದೀರಿ, ಈಗಲೇ ಬರೆಯಿರಿ. ಒಂದು ಪ್ರತಿ ಪ್ರತಿನಿಧಿಯ ಹತ್ತಿರ, ಒಂದು ಡಾಕ್ಟರ ಹತ್ತಿರ ಇರಲಿ. ಕರಡು ಬೇಕಾದರೆ ಹೇಳಿ, ಕನ್ನಡದಲ್ಲಿ ಬರೆದದ್ದು ನನ್ನ ಹತ್ತಿರ ಇದೆ. ಇಲ್ಲೇ ಹಾಕುತ್ತೇನೆ.


ಗದಗಿನ ಮೇಷ್ಟ್ರು

ಹಾಕಿರಿ. ಅಕ್ಷರ ಸ್ವಲ್ಪ ದೊಡ್ಡದಿರಲಿ.